ಕಣ್ಣಿನೊತ್ತಡ ಹತೋಟಿಯಲ್ಲಿದ್ದರೂ ನರ ಸವೆಯುವುದೇಕೆ? ಗ್ಲಾಕೋಮಾ ಮತ್ತು ಜೀವಕೋಶಗಳ ಸಂಕೇತ ಅಣುಗಳು

ನಸುಕು (ಚರ್ಚೆ ಆರಂಭಿಸಿದವರು)

ನನ್ನ ತಂದೆಯವರಿಗೆ ಆರು ವರ್ಷಗಳಿಂದ ತೆರೆದ ಕೋನದ ಗ್ಲಾಕೋಮಾ, ಅಂದರೆ ದೃಷ್ಟಿನರ ನಿಧಾನವಾಗಿ ಸವೆಯುವ ಕಣ್ಣಿನ ರೋಗ, ಇದೆ. ಪತ್ತೆಯಾದ ದಿನ ಕಣ್ಣಿನೊತ್ತಡ 27 ಮಿಲಿಮೀಟರ್ ಪಾದರಸದಷ್ಟಿತ್ತು. ಪ್ರತಿ ರಾತ್ರಿ ಒಂದೊಂದು ಹನಿ ಔಷಧ ಹಾಕತೊಡಗಿದ ಮೇಲೆ 15ರ ಆಸುಪಾಸಿಗೆ ಇಳಿದು ಅಲ್ಲೇ ನಿಂತಿದೆ. ಆದರೂ ಕಳೆದ ಎರಡು ದೃಷ್ಟಿಕ್ಷೇತ್ರ ಪರೀಕ್ಷೆಗಳಲ್ಲಿ ಎಡಗಣ್ಣಿನ ಮೂಗಿನ ಬದಿಯಲ್ಲಿ ಕಪ್ಪು ಚೌಕಗಳು ಹೆಚ್ಚಾಗಿವೆ. ಎರಡನೆಯ ಪರೀಕ್ಷೆಗೆ ನಾನೂ ಜೊತೆಗಿದ್ದೆ. ಬಟ್ಟಲಿನಂಥ ಯಂತ್ರದೊಳಗೆ ಗಲ್ಲವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಚುಕ್ಕೆ ಎಲ್ಲಿ ಬೆಳಗುತ್ತಿದೆ ಎಂಬುದು ಪಕ್ಕದ ತೆರೆಯಲ್ಲಿ ನನಗೆ ಕಾಣುತ್ತಿತ್ತು. ಒಂದೇ ಮೂಲೆಯಲ್ಲಿ ಅದು ಮತ್ತೆ ಮತ್ತೆ ಬೆಳಗಿದರೂ ಗುಂಡಿಯ ಸದ್ದು ಮಾತ್ರ ಬರಲಿಲ್ಲ. ತಂದೆಯವರು ಹೊರಗೆ ಬಂದು, 'ಇವತ್ತು ಎಲ್ಲವೂ ಕಂಡಿತು' ಎಂದರು.

ವೈದ್ಯರನ್ನು ಕೇಳಿದಾಗ, ಒತ್ತಡವೊಂದೇ ಕಾರಣವಲ್ಲ, ಜೀವಕೋಶಗಳು ಒಂದಕ್ಕೊಂದು ಕಳುಹಿಸುವ ಸಂಕೇತಗಳಲ್ಲಿಯೂ ಏರುಪೇರಾಗಿರುತ್ತದೆ ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು. ಅಂದಿನಿಂದ ಓದುತ್ತಿದ್ದೇನೆ. ಟಿಜಿಎಫ್-ಬೀಟಾ, ಎಂಡೋಥೆಲಿನ್, ನೈಟ್ರಿಕ್ ಆಕ್ಸೈಡ್, ಟಿಎನ್ಎಫ್-ಆಲ್ಫಾ ಎಂದು ಹೆಸರುಗಳ ಸಾಲು ಬೆಳೆಯುತ್ತಲೇ ಹೋಯಿತು. ಯಾವುದು ರೋಗವನ್ನು ತರುತ್ತದೆ, ಯಾವುದು ರೋಗ ಬಂದ ಮೇಲೆ ತಾನೂ ಏರುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ. ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಜಾಲರಿ

ನಸುಕು ಅವರೇ, ಕಣ್ಣಿನ ಜೀವಕೋಶಗಳನ್ನು ಬೆಳೆಸುವ ಪ್ರಯೋಗಾಲಯವೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಕಣ್ಣಿನ ಮುಂಭಾಗದಲ್ಲಿ ಏನಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ. ಹಿಂಭಾಗದ ನರದ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಮುಚ್ಚಿದ ಕೋನದ ಗ್ಲಾಕೋಮಾದಲ್ಲಿ ದಾರಿಯೇ ಕಟ್ಟಿಹೋಗುವುದರಿಂದ ಅದರ ಲೆಕ್ಕ ಬೇರೆ. ಇಲ್ಲಿ ಅದನ್ನು ಬಿಟ್ಟಿದ್ದೇನೆ.

ಕಣ್ಣಿನ ಮುಂಭಾಗದಲ್ಲಿ ತಿಳಿ ದ್ರವವೊಂದು ನಿಮಿಷಕ್ಕೆ ಸುಮಾರು 2ರಿಂದ 3 ಮೈಕ್ರೋಲೀಟರಿನಷ್ಟು ಒಸರುತ್ತಿರುತ್ತದೆ. ಅದು ಐರಿಸ್ (ಕಣ್ಣಿನ ಬಣ್ಣದ ಪೊರೆ) ಮತ್ತು ಕಾರ್ನಿಯಾ (ಮುಂದಿನ ಪಾರದರ್ಶಕ ಪೊರೆ) ಕೂಡುವ ಕೋನದಲ್ಲಿರುವ ಟ್ರಾಬೆಕ್ಯುಲರ್ ಜಾಲರಿಯ ಮೂಲಕ ಸೋಸಿ, ಶ್ಲೆಮ್ ಕಾಲುವೆ ಎಂಬ ಉಂಗುರದಂಥ ನಾಳವನ್ನು ಸೇರಿ, ಅಲ್ಲಿಂದ ರಕ್ತನಾಳಗಳಿಗೆ ಹೋಗುತ್ತದೆ. ಇದನ್ನು ಕೊಳಾಯಿ ಮತ್ತು ಚರಂಡಿಗೆ ಹೋಲಿಸುವುದು ರೂಢಿ. ಹೋಲಿಕೆ ಕೇಳಲು ಸುಲಭ, ಆದರೆ ದಾರಿ ತಪ್ಪಿಸುತ್ತದೆ. ಚರಂಡಿಯ ಜಾಲರಿ ಜಡವಸ್ತು. ಕಣ್ಣಿನ ಜಾಲರಿಯ ಎಳೆ ಎಳೆಯನ್ನೂ ಜೀವಕೋಶಗಳು ಹೊದ್ದಿರುತ್ತವೆ. ಅವು ಕಸವನ್ನು ನುಂಗುತ್ತವೆ, ಸ್ನಾಯುವಿನಂತೆ ಬಿಗಿಯುತ್ತವೆ, ಸಡಿಲಗೊಳ್ಳುತ್ತವೆ, ತಮ್ಮ ಸುತ್ತಲಿನ ನಾರಿನ ಹಂದರವನ್ನು ಕಟ್ಟಿ ಕೆಡವಿ ಮತ್ತೆ ಕಟ್ಟುತ್ತವೆ. ಯಾವಾಗ ಯಾವುದನ್ನು ಮಾಡಬೇಕೆಂದು ಅವುಗಳಿಗೆ ತಿಳಿಸುವುದೇ ಸಂಕೇತ ಅಣುಗಳ ಕೆಲಸ.

ಅವುಗಳಲ್ಲಿ ಹೆಚ್ಚು ಅಧ್ಯಯನವಾಗಿರುವುದು ಟಿಜಿಎಫ್-ಬೀಟಾ 2. ತೆರೆದ ಕೋನದ ಗ್ಲಾಕೋಮಾ ಇರುವ ಅನೇಕರ ಕಣ್ಣಿನ ದ್ರವದಲ್ಲಿ ಇದು ಆರೋಗ್ಯವಂತರಿಗಿಂತ ಹೆಚ್ಚಾಗಿರುತ್ತದೆ ಎಂಬುದು 1994ರಿಂದಲೇ ತಿಳಿದಿದೆ. ಜೀವಕೋಶದ ಹೊರಮೈಯ ಗ್ರಾಹಕಕ್ಕೆ ಇದು ಅಂಟಿಕೊಂಡಾಗ ಒಳಗೆ ಸ್ಮ್ಯಾಡ್ ಎಂಬ ಪ್ರೋಟೀನುಗಳು ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತವೆ. ಜೀವಕೋಶವು ಫೈಬ್ರೊನೆಕ್ಟಿನ್ ಮತ್ತು ಕೊಲಾಜನ್ ಎಂಬ ನಾರಿನ ಪ್ರೋಟೀನುಗಳನ್ನು ಹೆಚ್ಚು ನೇಯತೊಡಗುತ್ತದೆ, ನೇಯ್ದ ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಗಳನ್ನೂ ಸ್ರವಿಸುತ್ತದೆ. ಇಷ್ಟೇ ಆಗಿದ್ದರೆ ಹಳೆಯ ಎಳೆಗಳನ್ನು ಕತ್ತರಿಸುವ ಕಿಣ್ವಗಳು ಸರಿದೂಗಿಸಬಹುದಿತ್ತು. ಆದರೆ ಅದೇ ಸಂಕೇತವು ಪಿಎಐ-1 ಎಂಬ ತಡೆಪ್ರೋಟೀನನ್ನೂ ಹೆಚ್ಚಿಸಿ ಆ ಕತ್ತರಿಗಳ ಮೊನೆಯನ್ನು ಮೊಂಡು ಮಾಡುತ್ತದೆ. ಕಟ್ಟುವುದು ಹೆಚ್ಚಿ ಕೆಡಹುವುದು ತಗ್ಗಿದಾಗ ಜಾಲರಿ ಒತ್ತೊತ್ತಾಗಿ ಗಡುಸಾಗುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾರ್ನಿಯಾ ಕಸಿಗೆ ಬಳಸಿ ಉಳಿದ ಅಂಚಿನಿಂದ ಜಾಲರಿಯನ್ನು ಬಿಡಿಸಿ ಬೆಳೆಸಿದ ಜೀವಕೋಶಗಳ ತಟ್ಟೆಗಳು ಎರಡು. ಒಂದಕ್ಕೆ ಬರಿಯ ಪೋಷಕ ದ್ರವ, ಇನ್ನೊಂದಕ್ಕೆ ಕೆಲವು ದಿನ ಟಿಜಿಎಫ್-ಬೀಟಾ 2. ಫೈಬ್ರೊನೆಕ್ಟಿನ್ ಹೊಳೆಯುವಂತೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಮೊದಲನೆಯದರಲ್ಲಿ ಅಲ್ಲಲ್ಲಿ ತೆಳುವಾದ ಎಳೆಗಳು, ಎರಡನೆಯದರಲ್ಲಿ ಕಂಬಳಿ ಹಾಸಿದಂತೆ ದಟ್ಟವಾದ ಹೆಣಿಗೆ. ನಿಮ್ಮ ತಂದೆಯವರ ಕಣ್ಣಿನಲ್ಲಿ ಹೀಗೆಯೇ ಆಗಿದೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ಮನುಷ್ಯರ ದಾನ ಕಣ್ಣುಗಳ ಮುಂಭಾಗವನ್ನು ಜೀವಂತವಾಗಿರಿಸಿ ಈ ಅಣುವನ್ನು ಹರಿಸಿದಾಗ ಹೊರಹರಿವು ತಗ್ಗಿದ್ದೂ, ಇಲಿಯ ಕಣ್ಣಿನಲ್ಲಿ ಇದು ಅತಿಯಾಗಿ ತಯಾರಾಗುವಂತೆ ಮಾಡಿದಾಗ ಒತ್ತಡ ಏರಿದ್ದೂ ದಾಖಲಾಗಿವೆ.

ನಸುಕು

ಬಹಳ ಸ್ಪಷ್ಟವಾಯಿತು, ಧನ್ಯವಾದಗಳು. ಆದರೆ ಇಷ್ಟೊಂದು ಹಾನಿ ಮಾಡುವ ಅಣು ಆರೋಗ್ಯವಂತರ ಕಣ್ಣಿನಲ್ಲಿಯೂ ಇರುವುದೇಕೆ? ಅದನ್ನು ಔಷಧದಿಂದ ಪೂರ್ತಿಯಾಗಿ ತಡೆದುಬಿಡಬಾರದೇ?

ಜಾಲರಿ

ತಡೆಯಬಾರದು ಎಂಬುದೇ ನನ್ನ ಅಭಿಪ್ರಾಯ. ಟಿಜಿಎಫ್-ಬೀಟಾ 2 ಕಣ್ಣಿನೊಳಗೆ ಉರಿಯೂತ ಹದ್ದು ಮೀರದಂತೆ ನೋಡಿಕೊಳ್ಳುತ್ತದೆ. ಬೇರೆ ಅಂಗದಲ್ಲಿ ಗಾಯವಾದರೆ ಊತ, ಕೆಂಪು, ಕಲೆ ಎಲ್ಲವನ್ನೂ ದೇಹ ತಾಳಿಕೊಳ್ಳುತ್ತದೆ. ಬೆಳಕು ಹಾಯುವ ದಾರಿಯಲ್ಲಿ ಅಷ್ಟು ಉರಿಯೂತವಾದರೆ ನೋಟವೇ ಹೋಗುತ್ತದೆ. ಆದ್ದರಿಂದ ಪ್ರತಿರಕ್ಷಣಾ ಕೋಶಗಳನ್ನು ತಣ್ಣಗಿಡುವ ಈ ಅಣು ಕಣ್ಣಿನ ದ್ರವದಲ್ಲಿ ಸದಾ ಇರುತ್ತದೆ, ಅದೂ ಬಹುಪಾಲು ಬೀಗ ಹಾಕಿದ ನಿಷ್ಕ್ರಿಯ ರೂಪದಲ್ಲಿ. ಥ್ರಾಂಬೊಸ್ಪಾಂಡಿನ್-1, ಪ್ಲಾಸ್ಮಿನ್ ಎಂಬ ಪ್ರೋಟೀನುಗಳು ಆ ಬೀಗವನ್ನು ತೆರೆಯುತ್ತವೆ. ಸುತ್ತಲಿನ ಹಂದರ ಗಡುಸಾದಷ್ಟೂ ಕೋಶದೊಳಗೆ ಈ ಸಂಕೇತ ಬಲಗೊಳ್ಳುತ್ತದೆ. ಗಡುಸು ಇನ್ನಷ್ಟು ಗಡುಸನ್ನು ತರುವ ಸುಳಿ ಹೀಗೆ ಹುಟ್ಟುತ್ತದೆ.

ಇದಕ್ಕೆ ಎದುರಾಳಿಗಳೂ ಕಣ್ಣಿನಲ್ಲಿಯೇ ಇವೆ. ಬಿಎಂಪಿ-4 ಮತ್ತು ಬಿಎಂಪಿ-7 ಎಂಬ ಅಣುಗಳು ಟಿಜಿಎಫ್-ಬೀಟಾದ ಕಟ್ಟುವ ಆಜ್ಞೆಯನ್ನು ತಗ್ಗಿಸುತ್ತವೆ. ಆದರೆ ಗ್ರೆಮ್ಲಿನ್ ಎಂಬ ಮತ್ತೊಂದು ಪ್ರೋಟೀನ್ ಬಿಎಂಪಿಗಳನ್ನೇ ಹಿಡಿದಿಟ್ಟುಬಿಡುತ್ತದೆ. ಗ್ಲಾಕೋಮಾ ಇರುವವರ ಜಾಲರಿಯ ಕೋಶಗಳಲ್ಲಿ ಗ್ರೆಮ್ಲಿನ್ ಹೆಚ್ಚಿರುವುದು ಕಂಡುಬಂದಿದೆ. ಆದ್ದರಿಂದ ಒಂದು ಅಣುವನ್ನು ಖಳನಾಯಕನೆಂದು ಬೊಟ್ಟು ಮಾಡಿ ತೋರಿಸುವುದಕ್ಕಿಂತ ಇವುಗಳ ನಡುವಿನ ತೂಕ ಎತ್ತ ವಾಲಿದೆ ಎಂದು ನೋಡುವುದು ಸರಿ.

ತಿಳಿಗೊಳ

ಜಾಲರಿಯವರು ವರ್ಷಗಳಲ್ಲಿ ಆಗುವ ಬದಲಾವಣೆಯನ್ನು ಹೇಳಿದರು. ಗಂಟೆ, ನಿಮಿಷಗಳಲ್ಲಿ ಆಗುವ ಬದಲಾವಣೆಯನ್ನೂ ಸೇರಿಸಬೇಕು, ಏಕೆಂದರೆ ಔಷಧಗಳು ಹೆಚ್ಚಾಗಿ ಹಿಡಿದಿರುವುದು ಅದೇ ದಾರಿಯನ್ನು.

ಜಾಲರಿಯ ಕೋಶದೊಳಗೆ ರೋ ಎಂಬ ಪ್ರೋಟೀನ್ ಚುರುಕಾದಾಗ ರೋ ಕೈನೇಸ್ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಕೋಶವನ್ನು ಬಿಗಿಯುವ ಪ್ರೋಟೀನಾದ ಮಯೋಸಿನ್ನಿನ ಬಿಗಿತವನ್ನು ಸಡಿಲಿಸಬೇಕಾದ ಇನ್ನೊಂದು ಕಿಣ್ವದ ಕೈಯನ್ನು ಅದು ಕಟ್ಟಿಹಾಕುವುದರಿಂದ ಕೋಶ ಬಿಗಿದಂತೆಯೇ ಉಳಿದು, ದ್ರವ ಹಾಯುವ ಸಂದುಗಳು ಕಿರಿದಾಗುತ್ತವೆ. ಟಿಜಿಎಫ್-ಬೀಟಾ 2 ಮತ್ತು ಎಂಡೋಥೆಲಿನ್-1 ಎರಡೂ ಈ ದಾರಿಯನ್ನು ಪ್ರಚೋದಿಸುತ್ತವೆ. ಇದನ್ನು ತಡೆಯುವ ರಿಪಾಸುಡಿಲ್ ಹನಿಗೆ 2014ರಲ್ಲಿ ಜಪಾನಿನಲ್ಲಿಯೂ, ನೆಟಾರ್ಸುಡಿಲ್ ಹನಿಗೆ 2017ರಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಅವುಗಳ ಮುಖ್ಯ ಅಡ್ಡಪರಿಣಾಮ ಕಣ್ಣು ಕೆಂಪಗಾಗುವುದು. ಕಣ್ಣಿನ ಬಿಳಿಭಾಗದ ರಕ್ತನಾಳಗಳ ಸ್ನಾಯುವಿನಲ್ಲಿಯೂ ಇದೇ ಕಿಣ್ವ ಇರುವುದರಿಂದ ಅವೂ ಸಡಿಲಗೊಂಡು ಹಿಗ್ಗುತ್ತವೆ.

ಸಡಿಲಿಸುವ ಬದಿಯಲ್ಲಿರುವುದು ನೈಟ್ರಿಕ್ ಆಕ್ಸೈಡ್. ಈ ಪುಟ್ಟ ಅನಿಲ ಕೆಲವೇ ಸೆಕೆಂಡುಗಳ ಕಾಲ ಬಾಳುತ್ತದೆ, ಅಷ್ಟರಲ್ಲಿಯೇ ಪಕ್ಕದ ಕೋಶವನ್ನು ಮುಟ್ಟಿ ಸಡಿಲಿಸುತ್ತದೆ. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಕಣ್ಣಿನೊತ್ತಡ ಏರಿದಾಗ ಶ್ಲೆಮ್ ಕಾಲುವೆ ಅಮುಕಿಕೊಂಡು ಕಿರಿದಾಗುತ್ತದೆ; ಕಿರಿದಾದ ಕಾಲುವೆಯಲ್ಲಿ ಹರಿಯುವ ದ್ರವ ಗೋಡೆಯನ್ನು ಹೆಚ್ಚು ಉಜ್ಜುತ್ತದೆ; ಉಜ್ಜಿಸಿಕೊಂಡ ಗೋಡೆಯ ಕೋಶಗಳು ಹೆಚ್ಚು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ; ಜಾಲರಿ ಸಡಿಲಗೊಂಡು ಒತ್ತಡ ಮತ್ತೆ ಇಳಿಯುತ್ತದೆ. ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಈ ಏರ್ಪಾಟು ದುರ್ಬಲವಾದಾಗ ಒತ್ತಡದ ಏರಿಳಿತ ಹೆಚ್ಚುತ್ತದೆ. ಈ ಅನಿಲವನ್ನು ತಯಾರಿಸುವ ಕಿಣ್ವವಿಲ್ಲದ ಇಲಿಗಳಲ್ಲಿ ಕಣ್ಣಿನೊತ್ತಡ ಹೆಚ್ಚಾಗಿಯೂ, ಆ ಕಿಣ್ವ ಅಧಿಕವಾಗಿರುವ ಇಲಿಗಳಲ್ಲಿ ಕಡಿಮೆಯಾಗಿಯೂ ಇರುತ್ತದೆ. 2017ರಲ್ಲಿ ಅನುಮತಿ ಪಡೆದ ಲ್ಯಾಟನೊಪ್ರೋಸ್ಟೀನ್ ಬುನಾಡ್ ಎಂಬ ಹನಿ ಕಣ್ಣಿನೊಳಗೆ ಒಡೆದು ಒಂದು ಕಡೆ ನೈಟ್ರಿಕ್ ಆಕ್ಸೈಡನ್ನೂ ಇನ್ನೊಂದು ಕಡೆ ಒತ್ತಡ ಇಳಿಸುವ ಹಳೆಯ ಔಷಧವಾದ ಲ್ಯಾಟನೊಪ್ರೋಸ್ಟಿನ ಸಕ್ರಿಯ ರೂಪವನ್ನೂ ಕೊಡುತ್ತದೆ.

ಅಂದ ಹಾಗೆ, ನಸುಕು ಅವರ ತಂದೆಯವರು ರಾತ್ರಿ ಹಾಕಿಕೊಳ್ಳುವ ಹನಿ ಲ್ಯಾಟನೊಪ್ರೋಸ್ಟಿನ ಬಳಗದ್ದೇ ಆಗಿದ್ದರೆ ಅದೂ ಪ್ರೋಸ್ಟಾಗ್ಲಾಂಡಿನ್ ಎಂಬ ಸಂಕೇತ ಅಣುವಿನ ಪಡಿಯಚ್ಚು. ಮಸೂರದ ಆಕಾರ ಬದಲಿಸುವ ಸಿಲಿಯರಿ ಸ್ನಾಯುವಿನ ಎಳೆಗಳ ನಡುವಣ ಕೊಲಾಜನನ್ನು ಕತ್ತರಿಸುವ ಕಿಣ್ವಗಳನ್ನು ಅದು ಹೆಚ್ಚಿಸಿ ದ್ರವಕ್ಕೆ ಎರಡನೆಯ ದಾರಿಯನ್ನು ಅಗಲಿಸುತ್ತದೆ. ಒಂದು ಕಾಲಕ್ಕೆ ಪ್ರೋಸ್ಟಾಗ್ಲಾಂಡಿನ್ ಎಂದರೆ ಕಣ್ಣಿನಲ್ಲಿ ಉರಿಯೂತ ತಂದು ಒತ್ತಡವನ್ನು ಏರಿಸುವ ವಸ್ತು ಎಂದೇ ಭಾವಿಸಲಾಗಿತ್ತು, ಏಕೆಂದರೆ ಮೊಲಗಳಿಗೆ ಕೊಟ್ಟ ಪ್ರಮಾಣ ಅಷ್ಟು ಹೆಚ್ಚಾಗಿತ್ತು. ಪ್ರಮಾಣವನ್ನು ತೀರಾ ತಗ್ಗಿಸಿದರೆ ಒತ್ತಡ ಇಳಿಯುತ್ತದೆ ಎಂದು ವಿಜ್ಞಾನಿ ಲಾಸ್ಲೋ ಬಿಟೋ ತೋರಿಸಿಕೊಟ್ಟ ಮೇಲೆ ಆ ದಾರಿ ತೆರೆಯಿತು. ತಂದೆಯವರ ರೆಪ್ಪೆಯ ಕೂದಲು ಉದ್ದವಾಗಿದೆಯೇ ಎಂದು ನೋಡಿ. ರೆಪ್ಪೆಯ ಬುಡಕ್ಕೂ ಅದೇ ಸಂಕೇತ ಮುಟ್ಟುತ್ತದೆ.

ನಸುಕು

ನಿಜ. ಎಡಗಣ್ಣಿನ ರೆಪ್ಪೆ ಕನ್ನಡಕದ ಗಾಜನ್ನು ತಾಕುತ್ತದೆ ಎಂದು ತಂದೆಯವರು ಎರಡು ವರ್ಷಗಳಿಂದ ಗೊಣಗುತ್ತಿದ್ದಾರೆ. ವಯಸ್ಸಿನ ದೋಷವೆಂದುಕೊಂಡಿದ್ದೆವು.

ಸಂದೇಹಿ

ಮೇಲಿನ ವಿವರಣೆಗಳು ಸೊಗಸಾಗಿವೆ, ಆದರೆ ನಸುಕು ಅವರ ಮೂಲ ಪ್ರಶ್ನೆ ಹಾಗೆಯೇ ಉಳಿದಿದೆ: ಯಾವುದು ಕಾರಣ, ಯಾವುದು ಜೊತೆಗಾರ? ರೋಗಿಗಳ ಕಣ್ಣಿನ ದ್ರವದಲ್ಲಿ ಒಂದು ಅಣು ಹೆಚ್ಚಿದೆ ಎಂದ ಮಾತ್ರಕ್ಕೆ ಅದು ರೋಗ ತಂದಿತೆಂದು ಹೇಳಲಾಗದು. ಬೆಂಕಿ ಬಿದ್ದ ಮನೆಯ ಮುಂದೆ ನೀರಿನ ಕೊಡಗಳೂ ಹೆಚ್ಚಿರುತ್ತವೆ. ಅದೂ ಅಲ್ಲದೆ ಈ ದ್ರವವನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ತೆಗೆಯುತ್ತಾರೆ. ಆ ರೋಗಿಗಳು ವರ್ಷಗಟ್ಟಲೆ ಹನಿ ಹಾಕಿಕೊಂಡವರು, ರೋಗ ಬಲಿತವರು. ಔಷಧದ ಪ್ರಭಾವವನ್ನೂ ರೋಗದ ಪ್ರಭಾವವನ್ನೂ ಬಿಡಿಸಿ ನೋಡುವುದು ಸುಲಭವಲ್ಲ.

ಇದಕ್ಕೆ, ನರಕೋಶಗಳ ನಡುವಣ ಸಂಕೇತ ಅಣುವಾದ ಗ್ಲುಟಮೇಟಿನ ಕಥೆಯನ್ನು ನೆನಪಿಸುತ್ತೇನೆ. ಗ್ಲಾಕೋಮಾ ರೋಗಿಗಳ ಕಣ್ಣಿನ ಹಿಂಭಾಗದ ಲೋಳೆಯಲ್ಲಿ ಗ್ಲುಟಮೇಟ್ ಅಧಿಕವಾಗಿದೆ, ಅದೇ ನರಕೋಶಗಳನ್ನು ಅತಿಯಾಗಿ ಕೆರಳಿಸಿ ಕೊಲ್ಲುತ್ತದೆ ಎಂಬ ವರದಿ 1996ರಲ್ಲಿ ಬಂದಾಗ ದೊಡ್ಡ ಸಂಚಲನವಾಯಿತು. ಬೇರೆ ತಂಡಗಳು ಅಳೆದಾಗ ಆ ಏರಿಕೆ ಸಿಗಲಿಲ್ಲ. ಅಷ್ಟರಲ್ಲಿ ಗ್ಲುಟಮೇಟಿನ ಗ್ರಾಹಕವನ್ನು ತಡೆಯುವ ಮೆಮಾಂಟಿನ್ ಮಾತ್ರೆಯನ್ನು 2,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಾಲ್ಕು ವರ್ಷ ಪರೀಕ್ಷಿಸುವ ಎರಡು ದೊಡ್ಡ ಪ್ರಯೋಗಗಳು ನಡೆದಿದ್ದವು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ರೋಗ ಮುಂದುವರಿಯುವುದನ್ನು ಆ ಮಾತ್ರೆ ತಡೆಯಲಿಲ್ಲ. ಪ್ರಾಣಿಗಳಲ್ಲಿ ಅದು ಭರವಸೆ ಮೂಡಿಸಿದ್ದ ಔಷಧವೇ ಆಗಿತ್ತು.

ನನ್ನ ದೃಷ್ಟಿಯಲ್ಲಿ ಗಟ್ಟಿಯಾದ ಸಾಕ್ಷ್ಯ ಮನುಷ್ಯರ ವಂಶವಾಹಿಗಳಿಂದ ಬರುತ್ತದೆ, ಏಕೆಂದರೆ ವಂಶವಾಹಿಯ ದೋಷ ರೋಗಕ್ಕಿಂತ ಮೊದಲೇ ಇರುತ್ತದೆ. ಶ್ಲೆಮ್ ಕಾಲುವೆ ರೂಪುಗೊಳ್ಳಲು ಆಂಜಿಯೋಪೊಯೆಟಿನ್ ಎಂಬ ಸಂಕೇತ ಅಣುವೂ ಅದರ ಗ್ರಾಹಕವಾದ ಟೈ-2 ಕೂಡ ಬೇಕು. ಆ ಗ್ರಾಹಕದ ವಂಶವಾಹಿಯಲ್ಲಿ ದೋಷವಿರುವ ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಗ್ಲಾಕೋಮಾ ಇರುವುದು 2016ರಲ್ಲಿ ವರದಿಯಾಯಿತು. ಇದೇ ಅಣುಗಳನ್ನು ಇಲಿಗಳಲ್ಲಿ ತೆಗೆದುಹಾಕಿದರೆ ಕಾಲುವೆಯೇ ಮೂಡುವುದಿಲ್ಲ, ಒತ್ತಡ ಏರುತ್ತದೆ. ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲವಿಲ್ಲ. ಟಿಜಿಎಫ್-ಬೀಟಾ 2ಕ್ಕೆ ಇಷ್ಟು ನೇರವಾದ ಸಾಕ್ಷ್ಯ ಇದೆಯೆಂದು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು ನಸುಕು ಅವರಿಗೆ. '15ರಲ್ಲಿ ನಿಂತಿದೆ' ಎಂಬುದನ್ನೇ ಮೊದಲು ಪ್ರಶ್ನಿಸಿ. ಅದು ಹಗಲಿನಲ್ಲಿ, ಕುಳಿತಾಗ, ಒಂದು ಕ್ಷಣಕ್ಕೆ ಅಳೆದ ಅಂಕಿ. ಮಲಗಿದಾಗ ಕಣ್ಣಿನೊತ್ತಡ ಹೆಚ್ಚುತ್ತದೆ. ಕಾರ್ನಿಯಾ ತೆಳುವಾಗಿದ್ದರೆ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಸಂಕೇತ ಅಣುಗಳನ್ನು ದೂಷಿಸುವ ಮೊದಲು ಇವೆರಡನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಒಳಗಣ್ಣು

ಸಂದೇಹಿಯವರ ಎಚ್ಚರಿಕೆಯನ್ನು ಒಪ್ಪುತ್ತಲೇ ಹಿಂಭಾಗದ ಕಥೆಯನ್ನು ಹೇಳುತ್ತೇನೆ. ಒತ್ತಡ ಸಾಮಾನ್ಯ ಮಿತಿಯೆನ್ನುವ 21ನ್ನು ಎಂದೂ ದಾಟದವರಿಗೂ ಗ್ಲಾಕೋಮಾ ಬರುತ್ತದೆ. ಒತ್ತಡ ಹೆಚ್ಚಿದ್ದರೂ ಬಹಳ ಜನರಿಗೆ ಬರುವುದಿಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಒತ್ತಡ ಹೆಚ್ಚಿದ್ದೂ ಚಿಕಿತ್ಸೆ ಪಡೆಯದವರ ಪೈಕಿ ಐದು ವರ್ಷಗಳಲ್ಲಿ ಶೇ 9.5ರಷ್ಟು ಮಂದಿಗೆ ಗ್ಲಾಕೋಮಾ ಬಂತು, ಹನಿ ಹಾಕಿಕೊಂಡವರಲ್ಲಿ ಶೇ 4.4. ಹನಿಯಿಂದ ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತು ಎಂಬುದು ಎಷ್ಟು ಮುಖ್ಯವೋ, ಚಿಕಿತ್ಸೆಯಿಲ್ಲದೆಯೂ ಹತ್ತರಲ್ಲಿ ಒಂಬತ್ತು ಮಂದಿಯ ನರ ಆ ಅವಧಿಯಲ್ಲಿ ತಾಳಿಕೊಂಡಿತು ಎಂಬುದೂ ಅಷ್ಟೇ ಮುಖ್ಯ. ನರ ತಾಳಿಕೊಳ್ಳುವುದೋ ಬಿಡುವುದೋ ಎಂಬುದರಲ್ಲಿ ಸಂಕೇತಗಳ ಪಾಲು ದೊಡ್ಡದು.

ಅಕ್ಷಿಪಟದ ಗ್ಯಾಂಗ್ಲಿಯನ್ ಕೋಶಗಳೆಂಬ ನರಕೋಶಗಳ ಸುಮಾರು 10 ಲಕ್ಷ ತಂತುಗಳು ಒಂದಾಗಿ, ಕಣ್ಣಿನ ಹಿಂಗೋಡೆಯಲ್ಲಿರುವ ಜರಡಿಯಂಥ ತಟ್ಟೆಯ ರಂಧ್ರಗಳನ್ನು ಹಾದು ಮಿದುಳಿಗೆ ಹೋಗುತ್ತವೆ. ಈ ತಂತುಗಳು ನೋಟದ ಸುದ್ದಿಯನ್ನು ಮಿದುಳಿಗೆ ಒಯ್ಯುವುದಷ್ಟೇ ಅಲ್ಲ. ಮಿದುಳಿನ ಕಡೆಯಿಂದ ಕೋಶದ ಒಡಲಿಗೆ ಪೋಷಕ ಅಣುಗಳನ್ನು ಹೊತ್ತು ತರುವ ಸಾಗಣೆಯೂ ಅವುಗಳೊಳಗೇ ನಡೆಯುತ್ತದೆ. ಅವುಗಳಲ್ಲಿ ಬಿಡಿಎನ್ಎಫ್ ಮುಖ್ಯವಾದುದು. 'ನೀನು ಬದುಕಿರು' ಎಂಬ ನಿತ್ಯದ ಅಪ್ಪಣೆ ಅದು. ಕಣ್ಣಿನೊತ್ತಡ ಏರಿಸಿದ ಕೋತಿಗಳಲ್ಲಿ ಸಾಗಣೆ ಆ ಜರಡಿಯ ಬಳಿಯೇ ನಿಂತುಹೋಗುವುದನ್ನು 1974ರಷ್ಟು ಹಿಂದೆಯೇ ತೋರಿಸಲಾಗಿತ್ತು; ಬಿಡಿಎನ್ಎಫ್ ಮತ್ತು ಅದರ ಗ್ರಾಹಕ ಅಲ್ಲಿ ರಾಶಿ ಬೀಳುವುದು ಆಮೇಲೆ ಕಂಡುಬಂತು. ಪೋಷಕವನ್ನು ಹೊರಗಿನಿಂದ ಕೊಟ್ಟರೆ ಇಲಿಗಳಲ್ಲಿ ಕೋಶಗಳ ಸಾವು ಮುಂದಕ್ಕೆ ಹೋಗುತ್ತದೆ, ಆದರೆ ನಿಲ್ಲುವುದಿಲ್ಲ. ಗಾಯಗೊಂಡ ಕೋಶದಲ್ಲಿ ಅದನ್ನು ಸ್ವೀಕರಿಸುವ ಗ್ರಾಹಕವೂ ಕ್ಷೀಣಿಸುತ್ತಾ ಹೋಗುತ್ತದೆ.

ಪೋಷಣೆಯ ಅಪ್ಪಣೆ ನಿಂತಾಗ ಆಪತ್ತಿನ ಸಂಕೇತ ಹೊರಡುತ್ತದೆ. ತಂತುವಿಗೆ ಪೆಟ್ಟಾದ ಸುದ್ದಿಯನ್ನು ಡಿಎಲ್‌ಕೆ ಎಂಬ ಕೈನೇಸ್ ಹಿಡಿದು ಕೋಶದ ಒಡಲಿಗೆ ಮುಟ್ಟಿಸುತ್ತದೆ, ಅಲ್ಲಿ ಜೆಎನ್‌ಕೆ ಎಂಬ ಮತ್ತೊಂದು ಕೈನೇಸಿನ ಮೂಲಕ ಸಾಯುವ ಕಾರ್ಯಕ್ರಮ ಆರಂಭವಾಗುತ್ತದೆ. ನರವನ್ನು ಹಿಸುಕಿದ ಇಲಿಗಳಲ್ಲಿ ಡಿಎಲ್‌ಕೆಯನ್ನು ತೆಗೆದುಹಾಕಿದರೆ ಬಹುಪಾಲು ಗ್ಯಾಂಗ್ಲಿಯನ್ ಕೋಶಗಳು ಉಳಿಯುತ್ತವೆ ಎಂದು 2013ರಲ್ಲಿ ತಿಳಿಯಿತು. ಆದರೆ ವಿಪರ್ಯಾಸ ನೋಡಿ: ತುಂಡಾದ ತಂತು ಮತ್ತೆ ಬೆಳೆಯಬೇಕಾದರೂ ಅದೇ ಡಿಎಲ್‌ಕೆ ಬೇಕು. ಜಾಲರಿಯವರು ಟಿಜಿಎಫ್-ಬೀಟಾ ಬಗ್ಗೆ ಹೇಳಿದ ಇಬ್ಬಗೆ ಇಲ್ಲಿಯೂ ಇದೆ.

ನೆರೆಹೊರೆಯ ಕೋಶಗಳೂ ಸುಮ್ಮನಿರುವುದಿಲ್ಲ. ಅಕ್ಷಿಪಟದ ಕಾವಲುಗಾರರಾದ ಮೈಕ್ರೊಗ್ಲಿಯಾ ಕೆರಳಿದಾಗ ಟಿಎನ್ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-1 ಆಲ್ಫಾ, ಸಿ1ಕ್ಯೂ ಎಂಬ ಮೂರು ಅಣುಗಳನ್ನು ಬಿಡುತ್ತವೆ. ಈ ಮೂರೂ ಸೇರಿದರೆ, ನರಕೋಶಗಳನ್ನು ಸಲಹಬೇಕಾದ ಆಸ್ಟ್ರೋಸೈಟ್‌ಗಳು ಅವುಗಳಿಗೆ ವಿಷವಾಗುವ ರೂಪಕ್ಕೆ ತಿರುಗುತ್ತವೆ ಎಂದು 2017ರಲ್ಲಿ ತೋರಿಸಲಾಯಿತು. ಕೃತಕವಾಗಿ ಒತ್ತಡ ಏರಿಸಿದರೂ, ಈ ಮೂರು ಅಣುಗಳಿಲ್ಲದ ಇಲಿಗಳಲ್ಲಿ ಗ್ಯಾಂಗ್ಲಿಯನ್ ಕೋಶಗಳು ಹೆಚ್ಚಾಗಿ ಉಳಿದವು. ಸಂದೇಹಿಯವರು ಗಮನಿಸಬೇಕು, ಇಲ್ಲಿ ಒತ್ತಡ ಹಾಗೆಯೇ ಇದ್ದು ಸಂಕೇತ ಮಾತ್ರ ಬದಲಾಗಿದೆ. ಸಿ1ಕ್ಯೂ ವಿಚಾರವಂತೂ ಇನ್ನೂ ವಿಚಿತ್ರ. ಭ್ರೂಣದ ಮತ್ತು ಶೈಶವದ ಮಿದುಳಿನಲ್ಲಿ ಬೇಡದ ನರಸಂಧಿಗಳಿಗೆ ಗುರುತು ಹಚ್ಚಿ ಕಳೆ ಕೀಳಿಸುವುದು ಅದರ ಕೆಲಸ. ಗ್ಲಾಕೋಮಾ ಬರುವ ತಳಿಯ ಇಲಿಗಳಲ್ಲಿ, ಕೋಶಗಳು ಸಾಯುವುದಕ್ಕೆ ಬಹಳ ಮೊದಲೇ ಅದು ನರಸಂಧಿಗಳ ಮೇಲೆ ಮತ್ತೆ ಕಾಣಿಸಿಕೊಳ್ಳುತ್ತದೆ. ಶೈಶವದ ಕತ್ತರಿಯನ್ನು ಮುಪ್ಪಿನಲ್ಲಿ ಮತ್ತೆ ಕೈಗೆತ್ತಿಕೊಂಡಂತೆ.

ಎಂಡೋಥೆಲಿನ್-1ರ ಹೆಸರನ್ನು ತಿಳಿಗೊಳ ಅವರು ಎತ್ತಿದ್ದಾರೆ. 1988ರಲ್ಲಿ ಜಪಾನಿನ ಸಂಶೋಧಕರು ಗುರುತಿಸಿದ 21 ಅಮೈನೋ ಆಮ್ಲಗಳ ಈ ಅಣು ರಕ್ತನಾಳಗಳನ್ನು ಬಲವಾಗಿ ಬಿಗಿಯುತ್ತದೆ. ಪ್ರಾಣಿಗಳ ದೃಷ್ಟಿನರದ ಬಳಿ ಇದನ್ನು ವಾರಗಟ್ಟಲೆ ಸಣ್ಣ ಪ್ರಮಾಣದಲ್ಲಿ ಹರಿಸಿದಾಗ, ಕಣ್ಣಿನೊತ್ತಡ ಏರದೆಯೇ ನರಕ್ಕೆ ಹಾನಿಯಾಯಿತು.

ನಸುಕು

ಒಳಗಣ್ಣು ಅವರೇ, ಈ ಬರಹವನ್ನು ತಂದೆಯವರಿಗೆ ಓದಿ ಹೇಳಿದೆ. ಅವರ ಗೆಳೆಯರೊಬ್ಬರು ವಿಟಮಿನ್ ಬಿ3 ನುಂಗಿದರೆ ನರ ಉಳಿಯುತ್ತದೆ ಎಂದು ಹೇಳಿ ಒಂದು ಡಬ್ಬಿಯನ್ನೂ ತಂದುಕೊಟ್ಟಿದ್ದಾರೆ. ಇದಕ್ಕೆ ಆಧಾರವಿದೆಯೇ?

ಒಳಗಣ್ಣು

ಆಧಾರವಿದೆ, ಆದರೆ ಡಬ್ಬಿ ತೆರೆಯುವಷ್ಟಿಲ್ಲ. ಜೀವಕೋಶದ ಶಕ್ತಿವ್ಯವಹಾರಕ್ಕೆ ಬೇಕಾದ ಎನ್ಎಡಿ ಎಂಬ ಅಣು ವಯಸ್ಸಾದಂತೆ ಅಕ್ಷಿಪಟದಲ್ಲಿ ಕಡಿಮೆಯಾಗುತ್ತದೆ. ಗ್ಲಾಕೋಮಾ ಬರುವ ತಳಿಯ ಇಲಿಗಳಿಗೆ ನಿಕೋಟಿನಮೈಡ್, ಅಂದರೆ ಬಿ3ಯ ಒಂದು ರೂಪವನ್ನು ಕೊಟ್ಟಾಗ ನರ ಉಳಿಯಿತು ಎಂಬುದು 2017ರ ಪ್ರಸಿದ್ಧ ಫಲಿತಾಂಶ. 2020ರಲ್ಲಿ ಪ್ರಕಟವಾದ ಮನುಷ್ಯರ ಸಣ್ಣ ಪ್ರಯೋಗವೊಂದರಲ್ಲಿ, ಹನಿಗಳ ಜೊತೆಗೆ ಅದನ್ನು ಪಡೆದವರ ಅಕ್ಷಿಪಟದ ಒಳಪದರದ ವಿದ್ಯುತ್ ಪ್ರತಿಕ್ರಿಯೆ ಸ್ವಲ್ಪ ಸುಧಾರಿಸಿತು. ಅದು ಕೆಲವು ವಾರಗಳ ಪ್ರಯೋಗ. ದೃಷ್ಟಿಕ್ಷೇತ್ರ ವರ್ಷಗಳ ಕಾಲ ಉಳಿಯಿತೆಂದು ಅದು ತೋರಿಸಿಲ್ಲ.

ಪ್ರಮಾಣದ ಕಡೆಗೂ ಗಮನ ಕೊಡಿ. ಆ ಪ್ರಯೋಗದಲ್ಲಿ ಕೊಟ್ಟಿದ್ದು ದಿನಕ್ಕೆ 1.5ರಿಂದ 3 ಗ್ರಾಂ. ಆಹಾರದಿಂದ ನಮಗೆ ನಿತ್ಯ ಬೇಕಾದುದು ಸುಮಾರು 15 ಮಿಲಿಗ್ರಾಂ ಮಾತ್ರ. ನೂರರಿಂದ ಇನ್ನೂರು ಪಟ್ಟು ತೆಗೆದುಕೊಂಡಾಗ ಅದು ಪೋಷಕಾಂಶವಾಗಿ ಉಳಿಯುವುದಿಲ್ಲ, ಔಷಧವಾಗುತ್ತದೆ. ಯಕೃತ್ತಿಗೆ ತೊಂದರೆಯಾಗುವ ಸಾಧ್ಯತೆಯೂ ಇರುತ್ತದೆ. ಡಬ್ಬಿಯ ಮೇಲೆ ನಯಾಸಿನ್ ಎಂದಿದ್ದರೆ ಅದೂ ಬಿ3ಯೇ, ಆದರೆ ಬೇರೆ ರೂಪ, ಮೈ ಕೆಂಪೇರಿಸುತ್ತದೆ. ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ಹನಿಯನ್ನು ಮಾತ್ರ ಒಂದು ರಾತ್ರಿಯೂ ಬಿಡಬೇಡಿ.

ಮರಳುದಾರಿ

ಈವರೆಗೆ ಬರಿಯ ಓದುಗನಾಗಿದ್ದೆ. ನನ್ನ ಅನುಭವವೂ ಸಂಕೇತ ಅಣುವಿಗೆ ಸಂಬಂಧಿಸಿದ್ದೆಂದು ಈಗ ತಿಳಿಯಿತು. ಅಲರ್ಜಿಯ ತುರಿಕೆಗೆಂದು ಒಮ್ಮೆ ಬರೆದುಕೊಟ್ಟಿದ್ದ ಡೆಕ್ಸಾಮೆಥಾಸೋನ್ ಹನಿಯನ್ನು, ಹಾಕಿದ ಕೂಡಲೇ ಹಾಯೆನಿಸುತ್ತದೆಂದು, ಯಾರನ್ನೂ ಕೇಳದೆ ಹತ್ತು ತಿಂಗಳು ಹಾಕಿಕೊಂಡೆ. ಕನ್ನಡಕ ಬದಲಿಸಲು ಹೋದಾಗ ಒತ್ತಡ 38 ಎಂದು ಗೊತ್ತಾಯಿತು. ನೋವಿರಲಿಲ್ಲ, ಕೆಂಪಿರಲಿಲ್ಲ, ನೋಟವೂ ಮಂಜಾಗಿರಲಿಲ್ಲ. ಹನಿ ನಿಲ್ಲಿಸಿದ ಮೇಲೆ ಒತ್ತಡ ಇಳಿದರೂ ಬಲಗಣ್ಣಿನ ಮೇಲ್ಭಾಗದಲ್ಲಿ ಹೋದ ಒಂದು ಹೋಳು ನೋಟ ಮರಳಲಿಲ್ಲ. ಇದೇಕೆ ಹೀಗಾಗುತ್ತದೆ?

ಜಾಲರಿ

ಮರಳುದಾರಿಯವರೇ, ಓದಿ ಬೇಸರವಾಯಿತು. ಸ್ಟೀರಾಯ್ಡ್ ಎಂದರೆ ದೇಹದ ಕಾರ್ಟಿಸೋಲ್ ಎಂಬ ಸಂಕೇತ ಅಣುವಿನ ಬಲಿಷ್ಠ ರೂಪ. ವಾರಗಟ್ಟಲೆ ಹನಿ ಹಾಕಿಕೊಂಡರೆ ಸುಮಾರು ಮೂರರಲ್ಲಿ ಒಬ್ಬರಿಗೆ ಕಣ್ಣಿನೊತ್ತಡ ಗಣನೀಯವಾಗಿ ಏರುತ್ತದೆ, ನೂರರಲ್ಲಿ ಐದಾರು ಮಂದಿಗೆ ವಿಪರೀತವಾಗಿ. ಜಾಲರಿಯ ಕೋಶಗಳಿಗೆ ಡೆಕ್ಸಾಮೆಥಾಸೋನ್ ಹಾಕಿ ಒಂದೆರಡು ವಾರದ ಬಳಿಕ ಕೋಶದ ಆಕಾರವನ್ನು ಹಿಡಿದಿಡುವ ಆಕ್ಟಿನ್ ಎಳೆಗಳಿಗೆ ಬಣ್ಣ ಹಾಕಿದರೆ, ನೇರವಾದ ತಂತಿಗಳಂತಿರಬೇಕಾದ ಎಳೆಗಳು ತ್ರಿಕೋನ ತ್ರಿಕೋನವಾಗಿ ಹೆಣೆದ ಗುಮ್ಮಟದಂತೆ ಕಾಣುತ್ತವೆ. ಒಮ್ಮೆ ನೋಡಿದವರು ಆ ಚಿತ್ರವನ್ನು ಮರೆಯುವುದಿಲ್ಲ. ಹಾಗೆ ಸೆಟೆದ ಕೋಶ ಕಸ ನುಂಗುವುದನ್ನೂ ತಗ್ಗಿಸುತ್ತದೆ.

ಸ್ಟೀರಾಯ್ಡಿಗೆ ಪ್ರತಿಕ್ರಿಯೆಯಾಗಿ ಈ ಕೋಶಗಳು ಯಾವ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ ಎಂದು ಹುಡುಕುತ್ತಾ ಹೊರಟಾಗ ಸಿಕ್ಕಿದ್ದೇ ಮಯೋಸಿಲಿನ್. 1997ರಲ್ಲಿ ಅದರ ವಂಶವಾಹಿಯ ದೋಷವು ಎಳೆಯ ವಯಸ್ಸಿನಲ್ಲಿ ಬರುವ ತೆರೆದ ಕೋನದ ಗ್ಲಾಕೋಮಾಕ್ಕೆ ಕಾರಣವೆಂದು ಗೊತ್ತಾಯಿತು. ದೋಷಯುಕ್ತ ಮಯೋಸಿಲಿನ್ ಹೊರಗೆ ಬಂದು ಜಾಲರಿಯನ್ನು ಕಟ್ಟಿಬಿಡುತ್ತದೆ.

ಸಂದೇಹಿ

ಕೊನೆಯ ವಾಕ್ಯವನ್ನು ತಿದ್ದಬೇಕು. ದೋಷಯುಕ್ತ ಮಯೋಸಿಲಿನ್ ಸರಿಯಾಗಿ ಮಡಚಿಕೊಳ್ಳದೆ ಕೋಶದ ಒಳಗೇ, ಪ್ರೋಟೀನ್ ತಯಾರಾಗುವ ಒಳಜಾಲದಲ್ಲಿ ಸಿಕ್ಕಿಬೀಳುತ್ತದೆ. ಆ ಹೊರೆಯಿಂದಲೇ ಕೋಶ ಬಳಲಿ ಸಾಯುತ್ತದೆ. ಮಯೋಸಿಲಿನ್ ಪೂರ್ತಿ ಇಲ್ಲದ ಇಲಿಗಳಿಗೆ ಗ್ಲಾಕೋಮಾ ಬರುವುದಿಲ್ಲ. ಕೆಟ್ಟದ್ದು ಇರುವುದೇ ತೊಂದರೆ, ಒಳ್ಳೆಯದು ಇಲ್ಲದಿರುವುದಲ್ಲ.

ಜಾಲರಿ

ಒಪ್ಪಿದೆ, ಅವಸರದಲ್ಲಿ ಹಳೆಯ ಊಹೆಯನ್ನೇ ಬರೆದುಬಿಟ್ಟೆ. ಮರಳುದಾರಿಯವರು ಚರ್ಮದ ಮುಲಾಮು, ಮೂಗಿನ ಸಿಂಪರಣೆ, ಕೀಲಿನ ಚುಚ್ಚುಮದ್ದು ಯಾವುದನ್ನು ಬರೆಸಿಕೊಳ್ಳುವಾಗಲೂ ಕಣ್ಣಿನ ಈ ಹಿಂದಿನ ಪ್ರಸಂಗವನ್ನು ತಿಳಿಸುವುದು ಒಳ್ಳೆಯದು, ಏಕೆಂದರೆ ಅವುಗಳಲ್ಲಿಯೂ ಸ್ಟೀರಾಯ್ಡ್ ಇರಬಹುದು.

ನಸುಕು

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಸಂದೇಹಿಯವರು ಹೇಳಿದ ಎರಡು ಪ್ರಶ್ನೆಗಳನ್ನು ವೈದ್ಯರ ಮುಂದಿಟ್ಟೆ. ತಂದೆಯವರ ಕಾರ್ನಿಯಾದ ದಪ್ಪ 492 ಮೈಕ್ರಾನ್. ಸಾಮಾನ್ಯವಾಗಿ 540ರ ಆಸುಪಾಸಿರಬೇಕಂತೆ. ಆರು ವರ್ಷಗಳಲ್ಲಿ ಅದನ್ನು ಅಳೆದದ್ದು ಇದೇ ಮೊದಲು. ಬೆಳಗಿನ ಜಾವ ಅಳೆದ ಒತ್ತಡ 20 ಇತ್ತು. ಹಳೆಯ ಹನಿಯ ಜೊತೆಗೆ ಈಗ ನೆಟಾರ್ಸುಡಿಲ್ ಸೇರಿಸಿದ್ದಾರೆ. ಬೆಳಿಗ್ಗೆ ಎರಡೂ ಕಣ್ಣು ಕೆಂಪಗಿರುತ್ತವೆ. ತಿಳಿಗೊಳ ಅವರು ಬರೆದಿದ್ದನ್ನು ವಿವರಿಸಿದ ಮೇಲೆ ತಂದೆಯವರು ಕನ್ನಡಿಯಲ್ಲಿ ನೋಡಿಕೊಂಡು, 'ಹೊರಗೆ ಇಷ್ಟು ಸಡಿಲವಾಗಿದ್ದರೆ ಒಳಗೂ ಸಡಿಲವಾಗಿರಲೇಬೇಕು' ಎಂದರು.

ತಿಳಿಗೊಳ

ತಂದೆಯವರ ತರ್ಕ ಚೆನ್ನಾಗಿದೆ, ಆದರೆ ಕೆಂಪು ಎಷ್ಟಿದೆ ಎಂಬುದರಿಂದ ಒತ್ತಡ ಎಷ್ಟು ಇಳಿದಿದೆ ಎಂದು ತಿಳಿಯುವುದಿಲ್ಲ. ಕಣ್ಣು ಕೆಂಪಾಗದವರಲ್ಲಿಯೂ ಒತ್ತಡ ಇಳಿಯುತ್ತದೆ, ಕೆಂಪಾದವರಲ್ಲಿ ಇಳಿಯದೆಯೂ ಇರಬಹುದು. ಮುಂದಿನ ಭೇಟಿಯಲ್ಲಿಯೂ ಬೆಳಗಿನ ಜಾವವೇ ಅಳೆಯಲು ಕೇಳಿಕೊಳ್ಳಿ; ಹೊತ್ತು ಬದಲಾದರೆ 20ರ ಜೊತೆ ಹೋಲಿಸಲು ಬರುವುದಿಲ್ಲ.